ಬ್ಯಾಟಿಂಗ್‌ಗೆ ಯಾವ ಕ್ಯಾಮೆರಾ ಇಡಬೇಕು? ಬ್ಯಾಟ್ ಬೀಸದೆ ಕಂಡುಕೊಳ್ಳುವ ಬಗೆ

ಆಟಿ ತಿಂಗಳ ಮಳೆ ಹಿಡಿದರೆ ಉಡುಪಿಯಲ್ಲಿ ಮೈದಾನಗಳೆಲ್ಲ ಕೆರೆ. ಹುಡುಗರ ಕ್ರಿಕೆಟ್ ವಿಡಿಯೋ ಗೇಮ್ ಆಗಿ ಟಿವಿ ಮುಂದೆ ಬಂದು ಕೂರುತ್ತದೆ. ಕಳೆದ ಮಳೆಗಾಲದಲ್ಲಿ ಅಕ್ಕನ ಮಗ ನಮ್ಮ ಮನೆಯಲ್ಲಿ ಆಡುತ್ತಿದ್ದ. ಪಕ್ಕದಲ್ಲಿ ಕೂತು ನೋಡಿದೆ. ಒಂದು ಇಪ್ಪತ್ತು ಓವರಿನ ಮ್ಯಾಚಿನಲ್ಲಿ ಅವನ ನಾಲ್ಕು ವಿಕೆಟ್ ಯಾರ್ಕರ್‌ಗೇ, ಅಂದರೆ ಬ್ಯಾಟ್ಸ್‌ಮನ್ ಕಾಲಬುಡಕ್ಕೇ ಬೀಳುವ ಬಾಲ್‌ಗೇ ಹೋದವು. ನಾಲ್ಕೂ ಬೋಲ್ಡ್.

"ಬಾಲ್ ಎಲ್ಲಿ ಬೀಳ್ತದೆ ಅಂತ ಗೊತ್ತೇ ಆಗುದಿಲ್ಲ ಮಾಮ" ಎಂದ.

ಅವನ ಬೆರಳು ನಿಧಾನ ಇರಲಿಲ್ಲ. ಕ್ಯಾಮೆರಾ ತೀರಾ ಕೆಳಗಿತ್ತು. ಇಡೀ ಪಿಚ್ ನೆಲಕ್ಕೆ ಅಂಟಿದ ತೆಳು ಪಟ್ಟಿಯ ಹಾಗೆ ಕಾಣುತ್ತಿತ್ತು. ಅದರಲ್ಲಿ ಯಾರ್ಕರ್ ಯಾವುದು, ಸ್ವಲ್ಪ ಹಿಂದೆ ಬಿದ್ದ ಫುಲ್ ಬಾಲ್ ಯಾವುದು ಅಂತ ಯಾರಿಗೂ ಗೊತ್ತಾಗಲು ಸಾಧ್ಯವಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಕ್ಯಾಮೆರಾವನ್ನು ಎರಡು ಹಂತ ಮೇಲೆ ಎತ್ತಿದೆವು. ಮುಂದಿನ ಮ್ಯಾಚಿನಲ್ಲಿ ಯಾರ್ಕರ್‌ಗೆ ಹೋದದ್ದು ಒಂದೇ ವಿಕೆಟ್.

ನನ್ನ ಅನುಭವದಲ್ಲಿ, ಕ್ರಿಕೆಟ್ ಗೇಮ್ ಕಷ್ಟ ಅಂತ ಬಿಟ್ಟವರಲ್ಲಿ ಹೆಚ್ಚಿನವರು ಕ್ಯಾಮೆರಾ ಸೆಟ್ಟಿಂಗ್ ಒಮ್ಮೆಯೂ ತೆರೆದು ನೋಡಿದವರಲ್ಲ. ಗೇಮ್ ಕೊಟ್ಟ ಆ್ಯಂಗಲ್‌ನಲ್ಲೇ ಆಡುತ್ತಾರೆ. ಇಲ್ಲಾಂದ್ರೆ ಯಾರೋ ಚೆನ್ನಾಗಿ ಆಡುವವರು ಇಟ್ಟಿದ್ದಾರೆ ಅಂತ ಅದನ್ನೇ ಇಟ್ಟುಕೊಳ್ಳುತ್ತಾರೆ. ಎರಡೂ ಬೇಡ. ಒಂದು ಸಂಜೆ ಕೊಟ್ಟರೆ ನಿಮ್ಮ ಕಣ್ಣಿಗೆ ಸರಿಹೊಂದುವ ಆ್ಯಂಗಲ್ ಯಾವುದು ಅಂತ ನೀವೇ ಕಂಡುಕೊಳ್ಳಬಹುದು.

ಎಲ್ಲಿ ನಿಂತು ನೋಡುತ್ತೀರಿ?

ನಮ್ಮ ಕಡೆಯ ಅಂಡರ್ ಆರ್ಮ್ ಪಂದ್ಯಾಟಗಳಿಗೆ ಹೋದರೆ ಒಂದು ವಿಷಯ ಗಮನಿಸಿ. ಸುಮ್ನೆ ನೋಡಲು ಬಂದವರು ಬೌಂಡರಿ ಸುತ್ತ ಎಲ್ಲೆಂದರಲ್ಲಿ ನಿಲ್ಲುತ್ತಾರೆ. ಆಡಿ ಗೊತ್ತಿದ್ದವರು ಮಾತ್ರ ಸ್ಟಂಪ್‌ನ ನೇರಕ್ಕೆ ಬಂದು ನಿಲ್ಲುತ್ತಾರೆ. ಬೌಲರ್ ಹಿಂದೆ, ಇಲ್ಲ ಕೀಪರ್ ಹಿಂದೆ. ಬದಿಯಿಂದ ನೋಡಿದರೆ ಬಾಲ್ ಎಷ್ಟು ಮುಂದೆ ಬಿತ್ತು ಅಂತ ಚೆನ್ನಾಗಿ ಕಾಣುತ್ತದೆ, ಸ್ಟಂಪ್‌ಗೆ ಇತ್ತಾ ಹೊರಗಿತ್ತಾ ಅಂತ ಕಾಣುವುದಿಲ್ಲ. ನೇರಕ್ಕೆ ನಿಂತರೆ ಲೈನ್ (ಬಾಲ್ ಬರುವ ನೇರ) ಕಾಣುತ್ತದೆ, ಲೆಂತ್ (ಬಾಲ್ ಬೀಳುವ ದೂರ) ಅಷ್ಟು ಕಾಣುವುದಿಲ್ಲ. ಗೇಮ್‌ನಲ್ಲಿ ಕ್ಯಾಮೆರಾ ಆರಿಸುವುದು ಅಂದರೆ ಇದೇ. ನಿಲ್ಲುವ ಜಾಗ ಆರಿಸುವುದು.

ಹೆಸರುಗಳು ಒಂದೊಂದು ಗೇಮ್‌ನಲ್ಲಿ ಒಂದೊಂದು ಥರ. ಮೆಲ್ಬರ್ನ್‌ನ ಬಿಗ್ ಆ್ಯಂಟ್ ಕಂಪನಿಯ ಕ್ರಿಕೆಟ್ 24 ಇರಲಿ, ಚೆನ್ನೈನ ನೆಕ್ಸ್ಟ್‌ವೇವ್‌ನವರ ವರ್ಲ್ಡ್ ಕ್ರಿಕೆಟ್ ಚಾಂಪಿಯನ್‌ಶಿಪ್ 3 ಇರಲಿ, ಮೆನುವಿನ ಹೆಸರು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಮುಖ್ಯವಾಗಿ ಇರುವುದು ಮೂರು ಜಾತಿ.

ಒಂದು, ಟಿವಿ ನೋಟ. ಬೌಲರ್ ಹಿಂದಿನಿಂದ, ಎತ್ತರದಿಂದ, ದೂರದಿಂದ. ಬ್ಯಾಟ್ಸ್‌ಮನ್ ಮುಖ ನಮ್ಮ ಕಡೆಗೆ. ನಾವೆಲ್ಲ ಕ್ರಿಕೆಟ್ ನೋಡಿ ಬೆಳೆದದ್ದು ಈ ಕೋನದಲ್ಲೇ. ಆದರೆ ಇದು ನೋಡುವವರಿಗೆ ಅಂತ ಬಂದ ಕೋನ. ಆಸ್ಟ್ರೇಲಿಯಾದಲ್ಲಿ ಮೊದಲು ಟಿವಿಯ ಮುಖ್ಯ ಕ್ಯಾಮೆರಾ ಮೈದಾನದ ಒಂದೇ ತುದಿಯಲ್ಲಿ ಇರುತ್ತಿತ್ತು. ಒಂದು ಓವರ್ ಬ್ಯಾಟ್ಸ್‌ಮನ್ ಮುಖ ಕಂಡರೆ ಮುಂದಿನ ಓವರ್ ಪೂರ್ತಿ ಅವನ ಬೆನ್ನು. 1977ರಲ್ಲಿ ಅಲ್ಲಿನ ಟಿವಿ ಚಾನೆಲ್ ಮಾಲೀಕ ಕೆರಿ ಪ್ಯಾಕರ್ ವರ್ಲ್ಡ್ ಸೀರೀಸ್ ಕ್ರಿಕೆಟ್ ಶುರು ಮಾಡಿದಾಗ ಎರಡೂ ತುದಿಗೆ ಕ್ಯಾಮೆರಾ ಇಡಿಸಿದರು. ನೋಡುವವರಿಗೆ ಅದು ದೊಡ್ಡ ಉಪಕಾರ. ಆಡುವವರಿಗೆ ಬೇಕಾದದ್ದು ಬೇರೆ. ದೂರದಿಂದ ಜೂಮ್ ಮಾಡಿದ ಚಿತ್ರದಲ್ಲಿ 22 ಗಜದ ಪಿಚ್ ಒತ್ತಿ ಗಿಡ್ಡ ಮಾಡಿದ ಹಾಗೆ ಕಾಣುತ್ತದೆ. ಗುಡ್ ಲೆಂತ್‌ಗೂ ಅದಕ್ಕಿಂತ ಬ್ಯಾಟ್ಸ್‌ಮನ್‌ಗೆ ಹತ್ತಿರ ಬೀಳುವ ಫುಲ್ ಲೆಂತ್‌ಗೂ ಪರದೆಯ ಮೇಲೆ ಅಂತರ ತೀರಾ ಕಡಿಮೆ.

ಎರಡು, ಕೀಪರ್ ನೋಟ. ಬ್ಯಾಟ್ಸ್‌ಮನ್ ಬೆನ್ನ ಹಿಂದಿನಿಂದ, ಬಾಲ್ ನಮ್ಮ ಕಡೆಗೆ ಬರುವ ಹಾಗೆ. ನನ್ನ ಆಯ್ಕೆ ಇದು, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ನಮ್ಮ ಕರಾವಳಿಗೂ ಕೀಪಿಂಗ್‌ಗೂ ಒಳ್ಳೆ ನಂಟು. ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ ಕೀಪರ್ ಆಗಿದ್ದುಕೊಂಡೇ 1964ರಲ್ಲಿ ಮದ್ರಾಸ್ ಟೆಸ್ಟ್‌ನಲ್ಲಿ ಇಂಗ್ಲೆಂಡ್ ವಿರುದ್ಧ 192 ಹೊಡೆದರು. ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ 2023ರ ವಿಶ್ವಕಪ್‌ನಲ್ಲಿ ಭಾರತದ ಕೀಪರ್. ಬೌಲರ್ ಕೈ, ಬಾಲಿನ ಲೈನ್, ಬಿದ್ದ ಮೇಲೆ ಏಳುವ ಎತ್ತರ, ಮೂರನ್ನೂ ಒಟ್ಟಿಗೆ ನೋಡುವುದೇ ಕೀಪರ್ ಕೆಲಸ. ಗೇಮ್‌ನಲ್ಲಿ ಬ್ಯಾಟಿಂಗ್‌ಗೂ ಬೇಕಾದದ್ದು ಆ ಮೂರೇ.

ಮೂರನೆಯದು ಹೆಲ್ಮೆಟ್ ಒಳಗಿನಿಂದ ನೋಡಿದಂತಿರುವ ಕಣ್ಣಿನ ನೋಟ. ಒಂದೆರಡು ಓವರ್‌ಗೆ ಮಜಾ ಉಂಟು. ಕೆಲವರಿಗೆ ತಲೆ ಸುತ್ತುತ್ತದೆ. ಬಾಲ್ ಹೊಡೆದ ಮೇಲೆ ಎಲ್ಲಿ ಹೋಯಿತು ಅಂತ ಹುಡುಕುವುದೇ ಕೆಲಸ. ದಿನವೂ ಆಡಲು ಇದು ಬೇಡ.

ಮೊದಲು ಟಿವಿ ಸರಿ ಮಾಡಿ

ಕ್ಯಾಮೆರಾ ಮುಟ್ಟುವ ಮೊದಲು ಟಿವಿಯಲ್ಲಿ ಗೇಮ್ ಮೋಡ್ ಆನ್ ಮಾಡಿ. ಚಿತ್ರ ಚಂದ ಕಾಣಲಿ ಅಂತ ಟಿವಿ ಒಳಗೆ ಮಾಡುವ ಕೆಲಸಗಳಿಂದ ನೀವು ಒತ್ತಿದ್ದು ಪರದೆಗೆ ಬರಲು ತಡವಾಗುತ್ತದೆ. ಇದು ಸಣ್ಣ ವಿಷಯ ಅಲ್ಲ. ಲೆಕ್ಕ ಹಾಕಿ ನೋಡಿ. ಎರಡೂ ಬದಿಯ ಬ್ಯಾಟಿಂಗ್ ಕ್ರೀಸ್‌ಗಳ ನಡುವಿನ ದೂರ 17.68 ಮೀಟರ್. ಗಂಟೆಗೆ 140 ಕಿಲೋಮೀಟರ್ ವೇಗದ ಬಾಲ್ ಸೆಕೆಂಡಿಗೆ ಸುಮಾರು 39 ಮೀಟರ್ ಹೋಗುತ್ತದೆ. ಕೈ ಬಿಟ್ಟ ಬಾಲ್ ನಿಮ್ಮ ಹತ್ತಿರ ಬರಲು ಅರ್ಧ ಸೆಕೆಂಡಿನ ಆಸುಪಾಸು ಸಾಕು. 85 ಕಿಲೋಮೀಟರ್‌ನ ಸ್ಪಿನ್‌ಗೆ ಮುಕ್ಕಾಲು ಸೆಕೆಂಡ್. ಗೇಮ್ ಸೆಕೆಂಡಿಗೆ 60 ಚಿತ್ರ ತೋರಿಸಿದರೆ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಆ 140ರ ಬಾಲ್ 65 ಸೆಂಟಿಮೀಟರ್ ಮುಂದೆ ಬಂದಿರುತ್ತದೆ. 30 ಚಿತ್ರ ಆದರೆ 1.3 ಮೀಟರ್. ಹಾಗಾಗಿ ಲ್ಯಾಪ್‌ಟಾಪ್‌ನಲ್ಲಿ ಆಡುವವರು ಗ್ರಾಫಿಕ್ಸ್ ಸ್ವಲ್ಪ ಇಳಿಸಿಯಾದರೂ 60 ಬರುವ ಹಾಗೆ ಮಾಡಿಕೊಳ್ಳಿ. ಹುಲ್ಲಿನ ಎಳೆ ಎಳೆ ಕಾಣದಿದ್ದರೆ ನಷ್ಟ ಇಲ್ಲ, ಬಾಲ್ ಕಾಣಬೇಕು.

ಇನ್ನು ನೆಟ್ಸ್‌ಗೆ ಹೋಗಿ, ಬ್ಯಾಟ್ ಬೀಸಬೇಡಿ

ಮುಖ್ಯ ಕೆಲಸ ಇದು. ಪ್ರಾಕ್ಟೀಸ್ ಮೋಡ್‌ನಲ್ಲಿ ಒಬ್ಬ ಬಲಗೈ ವೇಗದ ಬೌಲರ್‌ನನ್ನು ಇಟ್ಟುಕೊಳ್ಳಿ. ಪಕ್ಕದಲ್ಲಿ ಯಾರನ್ನಾದರೂ ಪೆನ್ನು ಪೇಪರ್ ಕೊಟ್ಟು ಕೂರಿಸಿ. ಹನ್ನೆರಡು ಬಾಲ್ ಆಡದೆ ಬಿಡಿ. ಬಾಲ್ ನೆಲಕ್ಕೆ ಬೀಳುವ ಮೊದಲೇ ಬಾಯಲ್ಲಿ ಹೇಳಬೇಕು: "ಮುಂದೆ" ಅಥವಾ "ಹಿಂದೆ". ಮುಂದೆ ಅಂದರೆ ಮುಂಗಾಲು ಹಾಕಿ ಆಡುವ ಬಾಲ್. ಹಿಂದೆ ಅಂದರೆ ಹಿಂಗಾಲಿನ ಮೇಲೆ ಆಡುವ ಬಾಲ್. ಹೇಳಿದ್ದು ಸರಿಯಾದರೆ ಪಕ್ಕದವರು ಒಂದು ಗೀಟು ಹಾಕಲಿ. ತಡವಾಗಿ ಹೇಳಿದರೆ ಸರಿಯಿದ್ದರೂ ಲೆಕ್ಕಕ್ಕಿಲ್ಲ.

"ಸುಮ್ನೆ ನಿಂತ್ರೆ ಔಟ್ ಆಗ್ತೇನಲ್ಲ ಮಾಮ" ಎಂದ ಅಕ್ಕನ ಮಗ.

"ಆಗು ಮಾರಾಯ. ನೆಟ್ಸ್‌ನಲ್ಲಿ ಔಟಾದ್ರೆ ಯಾರು ಕೇಳ್ತಾರೆ?"

ಬ್ಯಾಟ್ ಬೀಸಬಾರದು ಯಾಕೆಂದರೆ, ಬೀಸಿದರೆ ಎರಡು ತಪ್ಪು ಬೆರೆತುಹೋಗುತ್ತವೆ. ಕಣ್ಣಿಗೆ ಕಾಣದ್ದರಿಂದ ತಪ್ಪಿದೆಯೋ, ಬೆರಳು ತಡವಾದ್ದರಿಂದ ತಪ್ಪಿದೆಯೋ ತಿಳಿಯುವುದಿಲ್ಲ. ಬಾಯಲ್ಲಿ ಹೇಳಿದಾಗ ಕಣ್ಣಿನ ಲೆಕ್ಕ ಮಾತ್ರ ಸಿಗುತ್ತದೆ. ಕ್ಯಾಮೆರಾ ಆರಿಸಲು ಬೇಕಾದದ್ದು ಅದೇ.

ಆಮೇಲೆ ಅದೇ ಕ್ಯಾಮೆರಾದಲ್ಲಿ ಇನ್ನೂ ಹನ್ನೆರಡು ಬಾಲ್. ಈಗ ಲೈನ್ ಹೇಳಿ: "ಆಫ್", "ಸ್ಟಂಪ್", "ಲೆಗ್". ಎರಡೂ ಲೆಕ್ಕ ಬರೆದಿಟ್ಟುಕೊಂಡು ಕ್ಯಾಮೆರಾ ಬದಲಿಸಿ, ಮತ್ತೆ ಮೊದಲಿನಿಂದ. ಟಿವಿ ನೋಟದಲ್ಲಿ ಅಕ್ಕನ ಮಗನಿಗೆ ಲೈನ್ ಹನ್ನೆರಡರಲ್ಲಿ ಹತ್ತು ಸಿಕ್ಕಿತು, ಲೆಂತ್ ಆರು. ಇರುವುದೇ ಎರಡು ಉತ್ತರ ಆದ್ದರಿಂದ ಕಣ್ಣು ಮುಚ್ಚಿ ಹೇಳಿದ್ದರೂ ಆರು ಸಿಗುತ್ತಿತ್ತು. ಅಂದರೆ ಅವನಿಗೆ ಲೆಂತ್ ಕಾಣುತ್ತಲೇ ಇರಲಿಲ್ಲ. ಎತ್ತರಿಸಿದ ಕೀಪರ್ ನೋಟದಲ್ಲಿ ಲೆಂತ್ ಹತ್ತಕ್ಕೆ ಬಂತು, ಲೈನ್ ಒಂಬತ್ತಾಯಿತು. ಅಲ್ಲಿಗೆ ಚರ್ಚೆ ಮುಗಿಯಿತು.

ಕೀಪರ್ ನೋಟದಲ್ಲಿ ಲೆಂತ್ ಸುಲಭ ಆಗುವುದಕ್ಕೆ ಇನ್ನೊಂದು ಕಾರಣ ಉಂಟು. ಹೆದ್ದಾರಿ ದಾಟಲು ನಿಂತಾಗ ಎಕ್ಸ್‌ಪ್ರೆಸ್ ಬಸ್ ಎಷ್ಟು ಹತ್ತಿರ ಬಂತು ಅಂತ ಹೇಗೆ ಅಂದಾಜು ಮಾಡುತ್ತೀರಿ? ನಮ್ಮ ಕಡೆಗೆ ಬರುವ ಬಸ್ ಕ್ಷಣ ಕ್ಷಣಕ್ಕೂ ದೊಡ್ಡದಾಗುತ್ತದೆ, ಕಣ್ಣು ಅದನ್ನು ತಾನಾಗಿಯೇ ಹಿಡಿಯುತ್ತದೆ. ದೂರ ಹೋಗುವ ಬಸ್ಸಿನ ವೇಗ ಅಷ್ಟು ಸುಲಭಕ್ಕೆ ಗೊತ್ತಾಗುವುದಿಲ್ಲ. ಕೀಪರ್ ನೋಟದಲ್ಲಿ ಬಾಲ್ ದೊಡ್ಡದಾಗುತ್ತಾ ಬರುತ್ತದೆ. ಟಿವಿ ನೋಟದಲ್ಲಿ ಚಿಕ್ಕದಾಗುತ್ತಾ ಹೋಗುತ್ತದೆ. ಬಟನ್ ಒತ್ತುವ ಹೊತ್ತು ಹಿಡಿಯಲು ಇದು ಬಹಳ ಸಹಾಯ.

ಒಂದು ಮಾತು ಸೇರಿಸಬೇಕು. ಕೆಲವು ಗೇಮ್‌ಗಳಲ್ಲಿ ಬಾಲ್ ಬೀಳುವ ಜಾಗಕ್ಕೆ ಪಿಚ್ ಮೇಲೆ ಗುರುತು ಬರುತ್ತದೆ. 2006ರಲ್ಲಿ ಬಂದ ಇಎ ಸ್ಪೋರ್ಟ್ಸ್‌ನ ಕ್ರಿಕೆಟ್ 07 ಹಾಗೆಯೇ. ಅದನ್ನು ಈಗಲೂ ಹಳೇ ಕಂಪ್ಯೂಟರ್‌ನಲ್ಲಿ ಆಡುವವರು ಇದ್ದಾರೆ. ಅಂಥ ಗೇಮ್‌ನಲ್ಲಿ ಲೆಂತ್ ಕಣ್ಣಿನಿಂದ ಅಳೆಯುವ ಕೆಲಸವೇ ಇಲ್ಲ, ಗುರುತು ಹೇಳುತ್ತದೆ. ಟಿವಿ ನೋಟದಲ್ಲೇ ಧಾರಾಳ ಆಡಿ. ಗುರುತು ಇಲ್ಲದ ಗೇಮ್ ಆದರೆ, ಅಥವಾ ಕಷ್ಟದ ಮಟ್ಟದಲ್ಲಿ ಗುರುತು ಆಫ್ ಮಾಡಿ ಆಡುವವರಾದರೆ, ಮೇಲಿನ ಪರೀಕ್ಷೆ ತಪ್ಪಿಸಬೇಡಿ.

ಎತ್ತರ ಹೊಂದಿಸುವುದು ಬೆರಳ ಅಳತೆಯಲ್ಲಿ

ಜಾತಿ ಗೊತ್ತಾದ ಮೇಲೆ ಎತ್ತರ. ಹೆಚ್ಚಿನವರು ಇಲ್ಲೇ ಅವಸರ ಮಾಡುತ್ತಾರೆ. ಕ್ಯಾಮೆರಾ ಮೇಲೆ ಹೋದಷ್ಟೂ ಲೆಂತ್ ಚೆನ್ನಾಗಿ ಕಾಣುತ್ತದೆ, ಬೌನ್ಸ್ ಕಾಣುವುದು ಕಡಿಮೆಯಾಗುತ್ತದೆ. ಕೆಳಗೆ ಬಂದಷ್ಟೂ ಬೌನ್ಸ್ ಕಾಣುತ್ತದೆ, ಲೆಂತ್ ಹೋಗುತ್ತದೆ. ಎರಡೂ ಪೂರ್ತಿ ಸಿಗುವ ಜಾಗ ಇಲ್ಲ.

ನಾವು ಮಾಡಿದ್ದು ಹೀಗೆ. ಗೇಮ್ ಅರ್ಧಕ್ಕೆ ನಿಲ್ಲಿಸಿ ಟಿವಿ ಹತ್ತಿರ ಹೋದೆವು. ಮೆನು ಪಿಚ್ಚನ್ನು ಮುಚ್ಚಿದ್ದರಿಂದ ಆ ಚಿತ್ರವನ್ನು ಮೆನು ಇಲ್ಲದೆ ಚಿತ್ರ ಮಾತ್ರ ತೋರಿಸುವ ಫೋಟೋ ಮೋಡ್‌ನಲ್ಲಿ ನಿಲ್ಲಿಸಬೇಕಾಯಿತು. ನಿಮ್ಮ ಗೇಮ್‌ನಲ್ಲಿ ಅದಿಲ್ಲದಿದ್ದರೆ ಸ್ಕ್ರೀನ್‌ಶಾಟ್ ತೆಗೆದು ಟಿವಿಯಲ್ಲೇ ಪೂರ್ತಿ ತೆರೆದು ನೋಡಿ. ವೇಗದ ಬೌಲರ್‌ನ ಗುಡ್ ಲೆಂತ್ ಅಂದರೆ ಸ್ಟಂಪ್‌ನಿಂದ ಸುಮಾರು 6ರಿಂದ 8 ಮೀಟರ್, ಅಂದರೆ ಪಿಚ್‌ನ ಮೂರನೇ ಒಂದು ಭಾಗ. ಬ್ಯಾಟಿಂಗ್ ಕ್ರೀಸ್‌ನಿಂದ ಆ ಜಾಗದವರೆಗೆ ಪರದೆಯ ಮೇಲೆ ಬೆರಳು ಅಡ್ಡ ಇಟ್ಟು ಅಳೆದೆವು. ನಮ್ಮ 43 ಇಂಚಿನ ಟಿವಿಯಲ್ಲಿ ಮೊದಲಿನ ಕ್ಯಾಮೆರಾಕ್ಕೆ ಎರಡು ಬೆರಳೂ ತುಂಬಲಿಲ್ಲ. ಯಾರ್ಕರ್, ಫುಲ್, ಗುಡ್ ಲೆಂತ್, ಮೂರೂ ಆ ಎರಡು ಬೆರಳಿನೊಳಗೆ! ಎರಡು ಹಂತ ಎತ್ತಿದ ಮೇಲೆ ನಾಲ್ಕು ಬೆರಳು ತುಂಬಿ ಸ್ವಲ್ಪ ಉಳಿಯಿತು. ಅಕ್ಕನ ಮಗ ತನ್ನ ಕೈಯನ್ನು ಟಿವಿ ಮೇಲೆ ಹಾಗೇ ಇಟ್ಟುಕೊಂಡು, "ಯಾರ್ಕರ್ ಇಲ್ಲಿ, ಫುಲ್ ಇಲ್ಲಿ" ಅಂತ ಒಂದೊಂದು ಬೆರಳನ್ನೂ ಹೆಸರಿಸಿದ. ಟಿವಿ ಚಿಕ್ಕದಾದರೆ, ಕೂರುವ ದೂರ ಬೇರೆಯಾದರೆ ಈ ಅಳತೆ ಬದಲಾಗುತ್ತದೆ. ಆದರೆ ಎರಡು ಕ್ಯಾಮೆರಾಗಳನ್ನು ಹೋಲಿಸಲು ಬೆರಳಿನಷ್ಟು ಒಳ್ಳೆ ಸಲಕರಣೆ ನನಗೆ ಸಿಕ್ಕಿಲ್ಲ.

ಈಗ ಬ್ಯಾಟ್ ಹಿಡಿದು ಶಾರ್ಟ್ ಬಾಲ್‌ಗಳನ್ನೇ ಹಾಕಿಸಿಕೊಳ್ಳಿ. ಪುಲ್ ಹೊಡೆಯಲು ಹೋಗಿ ಮೇಲಿಂದ ಮೇಲೆ ಟಾಪ್ ಎಡ್ಜ್ ಆಗುತ್ತಿದ್ದರೆ (ಬಾಲ್ ಬ್ಯಾಟಿನ ಮೇಲಂಚಿಗೆ ತಾಗುತ್ತಿದ್ದರೆ), ಸೊಂಟದ ಎತ್ತರದ ಬಾಲ್ ಯಾವುದು ತಲೆಯ ಎತ್ತರದ್ದು ಯಾವುದು ಅಂತ ಗೊಂದಲ ಆಗುತ್ತಿದ್ದರೆ ಕ್ಯಾಮೆರಾ ಜಾಸ್ತಿ ಮೇಲೆ ಹೋಗಿದೆ. ಒಂದು ಹಂತ ಇಳಿಸಿ, ಅಲ್ಲೇ ನಿಲ್ಲಿಸಿ.

ಎತ್ತರಕ್ಕೆ ಇನ್ನೊಂದು ಮಿತಿ ಬೌಲರ್‌ನ ಕೈಯ ಹಿನ್ನೆಲೆ. ಮೈದಾನದಲ್ಲಿ ಕೆಂಪು ಬಾಲ್‌ಗೆ ಬಿಳಿ ಸೈಟ್ ಸ್ಕ್ರೀನ್, ಬಿಳಿ ಬಾಲ್‌ಗೆ ಕಪ್ಪು ಸೈಟ್ ಸ್ಕ್ರೀನ್ ಇಡುವುದು ಕೈಯಿಂದ ಬಿಟ್ಟ ಬಾಲ್ ಎದ್ದು ಕಾಣಲಿ ಅಂತ. ಗೇಮ್‌ನಲ್ಲೂ ಬಾಲ್ ಬಿಡುವ ಕ್ಷಣದಲ್ಲಿ ಕೈ ಸೈಟ್ ಸ್ಕ್ರೀನ್ ಎದುರಿಗೆ ಬಂದರೆ ಒಳ್ಳೆಯದು. ಪ್ರೇಕ್ಷಕರ ಬಣ್ಣ ಬಣ್ಣದ ಅಂಗಿಗಳ ಎದುರು ಬಂದರೆ ಮೊದಲ ಕೆಲವು ಮೀಟರ್ ಬಾಲ್ ಕಾಣುವುದೇ ಇಲ್ಲ.

ಎಡಗೈ ಬೌಲರ್ ಹಾಕಿಸಿ ನೋಡಲೇಬೇಕು

ಕೀಪರ್ ನೋಟದ ದೊಡ್ಡ ತೊಂದರೆ ಬ್ಯಾಟ್ಸ್‌ಮನ್‌ನ ಸ್ವಂತ ಮೈ. ಬಲಗೈ ಬ್ಯಾಟ್ಸ್‌ಮನ್ ಪರದೆಯಲ್ಲಿ ಸ್ಟಂಪ್‌ನ ಎಡಕ್ಕೆ ನಿಂತಿರುತ್ತಾನೆ. ಬಲಗೈ ಬೌಲರ್ ಓವರ್ ದ ವಿಕೆಟ್ (ಬಾಲ್ ಹಾಕುವ ಕೈ ಸ್ಟಂಪ್ ಕಡೆಗೆ ಇರುವ ಹಾಗೆ) ಬಂದರೆ ಬಲಬದಿಯಲ್ಲಿ ಕಾಣುತ್ತಾನೆ, ಏನೂ ತೊಂದರೆ ಇಲ್ಲ. ಎಡಗೈ ಬೌಲರ್ ಓವರ್ ದ ವಿಕೆಟ್ ಬಂದಾಗ ಎಡಬದಿಗೆ ಬರುತ್ತಾನೆ. ಅವನ ಕೈ ನೇರ ನಮ್ಮ ಬ್ಯಾಟ್ಸ್‌ಮನ್ ಹೆಲ್ಮೆಟ್ ಹಿಂದೆ ಅಡಗಬಹುದು. ಬಲಗೈಯವನು ರೌಂಡ್ ದ ವಿಕೆಟ್ (ಸ್ಟಂಪ್‌ನ ಇನ್ನೊಂದು ಬದಿಯಿಂದ) ಬಂದರೂ ಇದೇ ಕಥೆ. ನಿಮ್ಮ ಬ್ಯಾಟ್ಸ್‌ಮನ್ ಎಡಗೈಯವನಾದರೆ ಎಲ್ಲ ಉಲ್ಟಾ: ಸಾಮಾನ್ಯ ಬಲಗೈ ಬೌಲರ್‌ನೇ ಮರೆಯಾಗುತ್ತಾನೆ.

ಅದಕ್ಕೇ ಬಲಗೈ ಬೌಲರ್‌ಗೆ ಹೊಂದಿಸಿ ಮುಗಿಯಿತು ಅಂತ ಏಳಬೇಡಿ. ಎಡಗೈ ವೇಗದ ಬೌಲರ್‌ನಿಂದ ಆರು ಬಾಲ್ ಹಾಕಿಸಿ. ಕೈ ಹೆಲ್ಮೆಟ್‌ನ ಮೇಲೆ ಅಥವಾ ಪಕ್ಕದಲ್ಲಿ ಸ್ಪಷ್ಟ ಕಾಣಬೇಕು. ಕಾಣದಿದ್ದರೆ ಮೊದಲು ಕ್ಯಾಮೆರಾವನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಆಗ ಬ್ಯಾಟ್ಸ್‌ಮನ್ ಚಿಕ್ಕದಾಗಿ ಕಡಿಮೆ ಮರೆ ಮಾಡುತ್ತಾನೆ. ಅದೂ ಸಾಲದಿದ್ದರೆ ಒಂದು ಹಂತ ಎತ್ತರಿಸಿ.

ಕೈ ಉಲ್ಟಾ ಆಗುವುದು

ಟಿವಿ ನೋಟದಲ್ಲಿ ಬಲಗೈ ಬ್ಯಾಟ್ಸ್‌ಮನ್‌ನ ಆಫ್ ಸೈಡ್ ಪರದೆಯ ಎಡಕ್ಕೆ. ಕೀಪರ್ ನೋಟದಲ್ಲಿ ಬಲಕ್ಕೆ. ಕಂಟ್ರೋಲರ್‌ನ ಸ್ಟಿಕ್ ಪರದೆಯ ದಿಕ್ಕನ್ನೇ ಅನುಸರಿಸುವ ಗೇಮ್ ಆದರೆ ಕವರ್ ಡ್ರೈವ್‌ಗೆ ನಿಮ್ಮ ಹೆಬ್ಬೆರಳು ಹೋಗಬೇಕಾದ ಕಡೆಯೇ ಬದಲಾಗಿಬಿಡುತ್ತದೆ. ವರ್ಷಗಟ್ಟಲೆ ಒಂದರಲ್ಲಿ ಆಡಿದವರಿಗೆ ಮೊದಲ ಎರಡು ಮೂರು ದಿನ ರನ್ ಬರುವುದಿಲ್ಲ. ಅದನ್ನು ನೋಡಿ ಹೊಸ ಕ್ಯಾಮೆರಾ ಸರಿಯಿಲ್ಲ ಅಂತ ಹಳೆಯದಕ್ಕೆ ಹೋಗಬೇಡಿ. ಬಾಯಲ್ಲಿ ಹೇಳುವ ಪರೀಕ್ಷೆಯಲ್ಲಿ ಒಳ್ಳೆ ಅಂಕ ಬಂದಿದ್ದರೆ ಕಣ್ಣು ಸರಿಯಾಗಿದೆ, ಕೈ ಕಲಿಯಬೇಕು ಅಷ್ಟೇ. ಈ ಮೂರು ದಿನ ಸ್ಪಿನ್ ಬೌಲರ್ ಎದುರು ಆಡಿ, ಕೈಗೆ ಯೋಚಿಸಲು ಹೊತ್ತು ಸಿಗುತ್ತದೆ.

ಫೀಲ್ಡರ್‌ಗಳ ವಿಷಯವೂ ಉಂಟು. ಕೀಪರ್ ನೋಟದಲ್ಲಿ ಮಿಡ್ ಆಫ್, ಮಿಡ್ ಆನ್, ಕವರ್ ಎದುರಿಗೇ ಕಾಣುತ್ತಾರೆ. ಡ್ರೈವ್ ಹೊಡೆದು ರನ್ ಮಾಡುವವರಿಗೆ ಅದು ಬಹಳ ಅನುಕೂಲ. ಸ್ಲಿಪ್, ಥರ್ಡ್ ಮ್ಯಾನ್, ಫೈನ್ ಲೆಗ್ ಕಾಣುವುದಿಲ್ಲ. ಬೌಲರ್ ಓಟ ಶುರು ಮಾಡುವ ಮೊದಲು ಫೀಲ್ಡಿಂಗ್ ನಕ್ಷೆ ಒಮ್ಮೆ ನೋಡಿಕೊಳ್ಳಿ.

ಫೋನ್‌ನಲ್ಲಿ ಆಡುವವರಿಗೆ

ಫೋನ್‌ನಲ್ಲಿ ನನ್ನ ಸಲಹೆ ಸ್ವಲ್ಪ ಬೇರೆ. ಕೀಪರ್ ನೋಟದಲ್ಲಿ ಬ್ಯಾಟ್ಸ್‌ಮನ್ ಪರದೆಯ ಕೆಳಭಾಗದಲ್ಲಿ ಇರುತ್ತಾನೆ. ನಿಮ್ಮ ಎರಡೂ ಹೆಬ್ಬೆರಳು ಇರುವುದೂ ಅಲ್ಲೇ. ಮುಖ್ಯವಾದ ಕೊನೆಯ ಒಂದೆರಡು ಮೀಟರ್ ಬೆರಳ ಕೆಳಗೆ ಮುಚ್ಚಿಹೋಗುತ್ತದೆ. ಬಟನ್‌ಗಳ ಜಾಗ ಬದಲಿಸಲು ಆಗುವ ಗೇಮ್ ಆದರೆ ಮೂಲೆಗೆ ತಳ್ಳಿ, ಚಿಕ್ಕದು ಮಾಡಿ, ಕ್ಯಾಮೆರಾ ದೂರ ಇಡಿ. ಆಗದಿದ್ದರೆ ಟಿವಿ ನೋಟವೇ ವಾಸಿ. ಅದರಲ್ಲಿ ಬ್ಯಾಟ್ಸ್‌ಮನ್ ಪರದೆಯ ಮೇಲ್ಭಾಗದಲ್ಲಿ, ಬೆರಳಿಗೆ ಸಿಗದ ಜಾಗದಲ್ಲಿ ಇರುತ್ತಾನೆ.

ಎಲ್ಲ ಹೊಂದಿಸಿದ ಮೇಲೆ ಎರಡು ವಾರ ಮುಟ್ಟಬೇಡಿ. ಒಂದು ಮ್ಯಾಚ್ ಸೋತ ಕೂಡಲೇ ಮೆನು ತೆರೆಯುವ ಚಟ ಬಿದ್ದರೆ ಕಣ್ಣಿಗೆ ಯಾವುದೂ ಅಭ್ಯಾಸ ಆಗುವುದಿಲ್ಲ. ಮತ್ತೆ, ಅಂಕಿಗಳನ್ನು ಎಲ್ಲಾದರೂ ಬರೆದಿಡಿ. ಗೇಮ್ ಅಳಿಸಿ ಮತ್ತೆ ಹಾಕಿದರೆ, ಕೆಲವೊಮ್ಮೆ ಅಪ್‌ಡೇಟ್ ಆದಾಗಲೂ, ಸೆಟ್ಟಿಂಗ್ ಮೊದಲಿನಂತಾಗುತ್ತದೆ. ನಮ್ಮ ಮನೆಯಲ್ಲಿ ಅದು ಗೋಡೆಯ ಕ್ಯಾಲೆಂಡರಿನ ಆಗಸ್ಟ್ ಪುಟದಲ್ಲಿದೆ, ಅಕ್ಕನ ಮಗನ ಕೈಬರಹದಲ್ಲಿ: ಕೀಪರ್ ಹಿಂದೆ, ಎತ್ತರ ಎರಡು ಹಂತ ಜಾಸ್ತಿ, ದೂರ ಒಂದು ಹಂತ ಹಿಂದೆ, ಎಡಗೈ ಬೌಲರ್ ನೋಡಿ ಆಗಿದೆ.